ಗಾಳಿ ಬಂದಾಗ, ಬಂದಷ್ಟು

ಚಳ್ಳಕೆರೆಯಲ್ಲಿ ಬ್ಯಾಟರಿ ಅಂದರೆ ಮಾರುತೇಶ, ಮಾರುತೇಶ ಅಂದರೆ ಬ್ಯಾಟರಿ. ಬಳ್ಳಾರಿ ರಸ್ತೆಯಲ್ಲಿದ್ದ ನನ್ನ ಅಂಗಡಿಗೆ ಹೆಣದಂತೆ ಹೊತ್ತು ತಂದ ಬ್ಯಾಟರಿ ನಾನು ಮುಚ್ಚಳ ಬಿಚ್ಚಿ ಒಮ್ಮೆ ಕೆಮ್ಮಿದರೆ ಎದ್ದು ಕೂರುತ್ತಿತ್ತು. ಒಂದು ಸಲ ನಾಯಕನಹಟ್ಟಿ ಬಸ್ಸಿಗೆ ನಾನು ಚಾರ್ಜು ಮಾಡಿದ ಬ್ಯಾಟರಿ ಕೂರಿಸಿ ಕೊಟ್ಟೆ. ಡ್ರೈವರು ಟೀ ಕುಡಿಯುತ್ತಿರುವಾಗಲೇ ಬಸ್ಸು ತಾನಾಗಿಯೇ ಹೊರಟು ಕೆರೆ ಏರಿಯವರೆಗೂ ಹೋಗಿ ಅಲ್ಲಿ ಹಾರ್ನ್ ಹೊಡೆಯುತ್ತ ನಿಂತಿತ್ತು. ನಂಬಿಕೆ ಬರದವರು ಕಂಡಕ್ಟರನ್ನು ಕೇಳಬಹುದಿತ್ತು. ಪಾಪ, ಅವನು ತೀರಿಹೋದ.

ಇಂಥ ನನ್ನ ಅಂಗಡಿಗೆ ಎರಡು ಸಾವಿರದ ಎರಡನೇ ಇಸವಿಯ ಕೊನೆಗೆ ಒಂದು ಜೀಪನ್ನು ನಾಲ್ಕು ಜನ ತಳ್ಳಿಕೊಂಡು ಬಂದರು. ಒಳಗೆ ಕೂತಿದ್ದವರು ಗಾಳಿಯಂತ್ರದ ಕಂಪನಿಯ ಇಂಜಿನಿಯರು ನಾಗಭೂಷಣ. ಜೀಪಿನ ಬ್ಯಾಟರಿಗಿಂತ ಅವರ ಮುಖವೇ ಹೆಚ್ಚು ಇಳಿದಿತ್ತು. ಬೆಂಚಿನ ಮೇಲೆ ಕೂರಿಸಿ ಟೀ ತರಿಸಿದೆ. ನನ್ನ ಬೆಂಚಿನ ಮೇಲೆ ಕೂತವರು ಗುಟ್ಟು ಬಿಡದೆ ಎದ್ದ ಉದಾಹರಣೆಯೇ ಇಲ್ಲ.

ರಾಂಪುರದ ಆಚೆ ಒಂದು ಗುಡ್ಡ. ಅದರ ನೆತ್ತಿಯ ಮೇಲೆ ಗಾಳಿಯಂತ್ರ ನಿಲ್ಲಿಸಬೇಕು. ಅದರಿಂದ ಹುಟ್ಟುವ ಕರೆಂಟನ್ನು ಕೊಳ್ಳುತ್ತೇವೆ ಎಂದು ವಿದ್ಯುತ್ ನಿಗಮ ಸಹಿ ಹಾಕಿ ಕೊಟ್ಟಿತ್ತು. ಆದರೆ ಮಾರ್ಚ್ ಮುಗಿಯುವುದರೊಳಗೆ ಯಂತ್ರ ತಿರುಗಿ, ಕರೆಂಟು ಸಬ್‌ಸ್ಟೇಷನ್ನಿನ ಮೀಟರು ದಾಟಬೇಕು. ದಾಟದಿದ್ದರೆ ಒಪ್ಪಿದ ದರ ಹೋಯಿತು, ಮತ್ತೆ ಮೊದಲಿನಿಂದ ಬಾಗಿಲು ಬಾಗಿಲು ತಟ್ಟಬೇಕು. ಕಂಬ ಬಂದಿತ್ತು, ರೆಕ್ಕೆ ಬಂದಿತ್ತು, ಮನೆಯಷ್ಟು ದೊಡ್ಡ ಕ್ರೇನೂ ಬಂದಿತ್ತು. ಗುಡ್ಡ ಹತ್ತಲು ಇದ್ದ ಒಂದೇ ದಾರಿಗೆ ಅಡ್ಡವಾಗಿ ಒಂದು ಹಟ್ಟಿಯ ದೇವರ ಎತ್ತುಗಳ ರೊಪ್ಪ, ಅಂದರೆ ಬೇಲಿ ಕಟ್ಟಿದ ದೊಡ್ಡಿ, ಇತ್ತು.

ದೇವರ ಎತ್ತು ಅಂದರೆ ನಮ್ಮ ಮ್ಯಾಸನಾಯಕರಲ್ಲಿ ಉಳುವ ಎತ್ತಲ್ಲ. ನೊಗ ಕಂಡಿಲ್ಲ, ಸಂತೆ ಕಂಡಿಲ್ಲ. ದೇವರ ಹೆಸರಿನಲ್ಲಿ ಹುಟ್ಟಿ, ಮೇದು, ವಯಸ್ಸಾಗಿ ಸಾಯುವ ದನ. ಅವುಗಳನ್ನು ಕಾಯುವ ಕಿಲಾರಿ ಬರಿಗಾಲಲ್ಲಿ ಇರುತ್ತಾನೆ. ಅವುಗಳ ರೊಪ್ಪದೊಳಗೆ ಜಿಲ್ಲಾಧಿಕಾರಿ ಬಂದರೂ ಚಪ್ಪಲಿ ಹೊರಗೇ.

“ಬೇಲಿ ಸರಿಸಲ್ಲ ಅಂತಾರೆ ಕಣ್ರೀ. ಬೊಮ್ಮಲಿಂಗಪ್ಪ ಅಂತ ಹಿರಿಯರೊಬ್ಬರಿದಾರೆ. ಮಾತೇ ಆಡಲ್ಲ. ಸುಮ್ನೆ ನೋಡ್ತಾರೆ,” ಎಂದರು ನಾಗಭೂಷಣ.

ಅಂಗಡಿಯ ಹಿಂದೆ ಬ್ಯಾಟರಿಗೆ ನೀರು ಹಾಕುತ್ತಿದ್ದ ನನ್ನ ಹೆಂಡತಿ ಗಂಗಲಕ್ಷ್ಮಿ ಕಿಸಕ್ಕನೆ ನಕ್ಕಳು. ಬೊಮ್ಮಲಿಂಗಪ್ಪ ಅವಳ ಅಪ್ಪ.

“ಸರ್, ನಿಮ್ ಕ್ರೇನು ಗುಡ್ಡ ಹತ್ತಿತು ಅಂತ ತಿಳ್ಕಳ್ಳಿ. ಆ ಹಟ್ಟೀಲಿ ನಾನು ಕೂತ್ಕ ಅಂದ್ರೆ ಕೂತ್ಕಂತಾರೆ, ನಿಂತ್ಕ ಅಂದ್ರೆ ನಿಂತ್ಕಂತಾರೆ,” ಎಂದೆ.

“ಹೋದ ಹಬ್ಬದಾಗೆ ಊಟಕ್ಕೆ ಬಾ ಅಂತ ಯಾರೂ ಕರೀಲಿಲ್ಲ ಅಂತ ಅಳ್ತಿದ್ದೋರು ಯಾರೋ,” ಎಂದಳು ಗಂಗಲಕ್ಷ್ಮಿ, ಬ್ಯಾಟರಿಗೇ ಹೇಳುವಂತೆ.

ನನ್ನ ಮಾವ ವರ್ಷಕ್ಕೆ ಹತ್ತು ಮಾತಾಡುತ್ತಾರೆ. ಅದರಲ್ಲಿ ಒಂಬತ್ತು ನನ್ನ ಮೇಲೆ. ಆದರೂ ನಾನು ಹೇಳಿ ಕಳಿಸಿದ್ದಕ್ಕೆ ಹಟ್ಟಿಯವರು ದೇವರ ಗುಡಿಯ ಮುಂದೆ ಕಂಬಳಿ ಹಾಸಿದರು. ಈ ಕಂಬಳಿಯ ವಿಚಾರ ಕೇಳಿ. ಅದರ ಮೇಲೆ ಕೂತು ಆಡಿದ ಮಾತಿಗೆ ಕಾಗದ ಬೇಡ, ಸಾಕ್ಷಿ ಬೇಡ. ಆಡಿದ್ದು ಆಡಿದ್ದೇ. ವಾಪಸು ತೆಗೆದುಕೊಂಡವನಿಗೆ ಹಟ್ಟಿಯಲ್ಲಿ ನೀರು ಹುಟ್ಟುವುದಿಲ್ಲ.

ನಾಗಭೂಷಣ ಬೂಟು ಬಿಚ್ಚಿಟ್ಟು ಕೂತರು. ಕರಾರಿನ ಕಾಗದ ತೊಡೆಯ ಮೇಲಿತ್ತು. ಮಾವ ಅದನ್ನು ನೋಡಲೂ ಇಲ್ಲ.

“ನಮ್ ಗುಡ್ಡದ ಗಾಳಿ ಯಾರಿಗೆ ಮಾರ್ತೀರಿ?” ಎಂದು ಕೇಳಿದರು.

“ಗಾಳಿ ಅಲ್ಲ ಹಿರಿಯರೇ, ಕರೆಂಟು. ವಿದ್ಯುತ್ ನಿಗಮಕ್ಕೆ. ಇಪ್ಪತ್ತು ವರ್ಷ. ಹುಟ್ಟಿದ ಪ್ರತಿ ಯೂನಿಟ್ಟೂ ಅವರಿಗೇ. ರಾಂಪುರದ ಸಬ್‌ಸ್ಟೇಷನ್ನಿನಲ್ಲಿ ಮೀಟರು. ತಿಂಗಳಿಗೊಂದು ಸಲ ಅವರೂ ನಾವೂ ಒಟ್ಟಿಗೆ ನಿಂತು ನೋಡ್ತೀವಿ.”

“ದಿನಕ್ಕೆ ಇಷ್ಟು ಕೊಡ್ತೀವಿ ಅಂತ ಮಾತು ಕೊಟ್ಟೀರೇನು?”

“ಇಲ್ಲ. ಗಾಳಿ ಬಂದಾಗ, ಬಂದಷ್ಟು. ಬಂದಷ್ಟನ್ನೂ ಅವರು ತಗೋಬೇಕು.”

“ಗಾಳಿ ನಿಂತ್ರೆ?”

“ನಿಂತ್ರೆ ನಮ್ಮದೇನೂ ತಪ್ಪಿಲ್ಲ. ಹಾಗಂತ ಬರೆದಿದೆ.”

ಮಾವನ ಮೀಸೆಯ ಒಂದು ತುದಿ ಅಲ್ಲಾಡಿತು. ಅದು ಅವರ ನಗು. “ಚಲೋ ಐತೆ ವ್ಯಾಪಾರ. ಕರೆದಾಗ, ಕರೆದಷ್ಟು ಹಾಲು. ಒದ್ದರೆ ಎಮ್ಮೆ ತಪ್ಪು.”

ಹಟ್ಟಿಯೆಲ್ಲ ನಕ್ಕಿತು. ನಾಗಭೂಷಣ ಕೂಡ ನಕ್ಕರು, ಒಳ್ಳೆಯ ಮನುಷ್ಯ.

ಆಗ ಕಿಲಾರಿ ಹುಲಿಯಪ್ಪ ಎದ್ದು ನಿಂತ. “ಸ್ವಾಮೇರಿ, ದಾರಿಗೆ ಅಂತ ರೊಪ್ಪ ಸರಿಸಿದ್ರೆ ಗುಡ್ಡದ ಬುಡಕ್ಕೇ ಹೋಗ್ಬೇಕು. ಅಲ್ಲಿ ತೋಳದ ಕಾಟ. ಈಗಲೇ ಎರಡು ಕರ ಹೋಗ್ಯಾವೆ. ಸಂಜೆ ಆದ್ರೆ ಹಟ್ಟಿ ಕರೆಂಟು ಇರಾದಿಲ್ಲ. ನಿಮ್ಮ ಫ್ಯಾನು ನಮ್ಮ ತಲೆ ಮ್ಯಾಲೇ ತಿರುಗ್ತೈತೆ. ಒಂದು ಬಲ್ಬು ಹಾಕ್ಕೊಡ್ರಿ, ಸಾಕು.”

ನಾಗಭೂಷಣ ಕಾಗದವನ್ನು ಸವರಿದರು. “ಸುಳ್ಳು ಹೇಳಲಾರೆ. ಒಂದು ಬಲ್ಬೂ ಕೊಡೋಕೆ ಬರಲ್ಲ. ಎಲ್ಲಾ ಅವರಿಗೆ ಅಂತ ಬರೆದುಕೊಟ್ಟಿದೀವಿ. ಯಂತ್ರದ ಲೈನು ನಿಮ್ಮ ಹಟ್ಟಿ ಮೇಲೆ ಹಾದು ನೇರ ರಾಂಪುರಕ್ಕೆ ಹೋಗುತ್ತೆ.”

“ಮತ್ತೆ ಕೂಡಿಡೋದು? ನಮ್ಮಲ್ಲಿ ಹಗೇವು ಐತೆ. ನೆಲದಾಗಿನ ಗುಂಡಿಗೆ ರಾಗಿ ಸುರುವಿ ಬಾಯಿ ಮುಚ್ಚಿದ್ರೆ ಬೇಕಾದಾಗ ತೆಗೀಬೌದು,” ಎಂದರು ಮಾವ.

“ಕರೆಂಟಿಗೆ ಹಗೇವು ಇಲ್ಲ ಹಿರಿಯರೇ. ಹುಟ್ಟಿದ ಗಳಿಗೆಯಲ್ಲೇ ಯಾರಾದರೂ ಉಣ್ಣಬೇಕು.”

ಕರೆಂಟಿಗೆ ಹಗೇವು ಇಲ್ಲ! ಈ ಮಾತನ್ನು ಯಾರ ಎದುರಿಗೆ ಆಡಿದರು? ಮೂರು ತಾಲ್ಲೂಕಿನ ಕರೆಂಟನ್ನು ಡಬ್ಬಿಯಲ್ಲಿ ತುಂಬಿಟ್ಟು ಹಂಚುವ ನನ್ನ ಎದುರಿಗೆ. ನಾನು ಕಂಬಳಿಯ ಮೇಲೆ ಮಂಡಿ ಊರಿ ಎದ್ದೆ.

“ಮಾವ, ಕೇಳ್ರಿ. ದೇವರ ಎತ್ತಿನ ಆಣೆ. ಇದೇ ಫ್ಯಾನಿನ ಕರೆಂಟಿನಾಗೆ, ಗಾಳಿ ಬರಲಿ ಬಿಡಲಿ, ದಿನಾ ಸಂಜೆಯಿಂದ ಬೆಳಕು ಹರಿಯೋತನಕ ರೊಪ್ಪದಾಗೆ ಬಲ್ಬು ಉರಿಸ್ತೀನಿ. ಒಂದು ಸಂಜೆ ತಪ್ಪಿದ್ರೂ ಅಂಗಡಿ ಬಿಟ್ಟು ಬಂದು ಒಂದು ವರ್ಷ ಬರಿಗಾಲಲ್ಲಿ ಎತ್ತು ಕಾಯ್ತೀನಿ.”

ಆ ಕೊನೆಯ ಮಾತನ್ನು ಯಾರೂ ಕೇಳಿರಲಿಲ್ಲ. ನಾನೇ ಕೊಸರು ಎಂದು ಸೇರಿಸಿದ್ದು.

ಹೆಂಗಸರ ಕಡೆಯಿಂದ ನಮ್ಮ ಅತ್ತೆ ಯರ್ರಮ್ಮನ ದನಿ ಬಂತು: “ಅಯ್ಯೋ ದೇವುಡಾ! ಯಾಕ್ರೀ ಅಳಿಯಂದ್ರೆ ಬೇಕಿತ್ತು ನಿಮಗೆ?”

ಮಾವ ಮಾತ್ರ ಕಂಬಳಿಯ ಅಂಚನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. “ಕಂಪನಿಯೋರು ಇಪ್ಪತ್ತು ವರ್ಷ ಅಂದವ್ರೆ. ಅಳಿಯಂದ್ರ ಮಾತೂ ಅಷ್ಟೇ ವರ್ಷ. ಬೇಲಿ ಸರಿಸ್ರಿ.”

ಹೀಗೆ ನಾನು ಗುಡ್ಡಕ್ಕೆ ದಾರಿ ಮಾಡಿದೆ. ಕ್ರೇನು ಹಳೆಯ ರೊಪ್ಪದ ನೆಲ ದಾಟುವ ದಿನ ಇನ್ನೊಂದು ತಕರಾರು ಬಂತು. ಡ್ರೈವರ್ ಬೂಟು ಬಿಚ್ಚಿದ, ಸರಿ. ಕ್ರೇನಿನ ಟೈರು ಮೆಟ್ಟು ಹೌದೋ ಅಲ್ಲವೋ? ಅರ್ಧ ಹಟ್ಟಿ ಹೌದೆಂದಿತು, ಅರ್ಧ ಅಲ್ಲವೆಂದಿತು. ಕೊನೆಗೆ ಮಾವ ಬಗ್ಗಿ ಟೈರು ಮೂಸಿ, “ಚರ್ಮ ಅಲ್ಲ, ರಬ್ಬರು. ಹೋಗ್ಲಿ,” ಎಂದರು. ಕ್ರೇನು ನನಗೆ ನಮಸ್ಕಾರ ಮಾಡುವಂತೆ ಕತ್ತು ಬಗ್ಗಿಸಿ ಹತ್ತಿತು. ಕಂಬ ಎದ್ದಾಗ ಅದರ ನೆರಳು ಬ್ರಹ್ಮಗಿರಿಗೆ ಮುಟ್ಟಿತು. ಅಲ್ಲಿನ ಅಶೋಕನ ಶಾಸನದ ಕಾವಲುಗಾರ ಸಂಜೆಯಾಯಿತೆಂದು ಬೀಗ ಹಾಕಿಕೊಂಡು ಮನೆಗೆ ಹೋದನಂತೆ.

ಮಾರ್ಚ್ ಕೊನೆಯ ವಾರ ರಾಂಪುರದ ಸಬ್‌ಸ್ಟೇಷನ್ನಿನಲ್ಲಿ ಮೀಟರಿನ ಮುಂದೆ ನಿಂತೆವು. ಕೊಳ್ಳುವವರ ಕಡೆಯಿಂದ ನಿಗಮದ ಇಂಜಿನಿಯರು ಮುರುಗೇಂದ್ರಪ್ಪ, ಮಾರುವವರ ಕಡೆಯಿಂದ ನಾಗಭೂಷಣ. ನೋಡಲೇಬೇಕೆಂದು ಮಾವನೂ ಬಂದಿದ್ದರು. ಬೆಳಗಿನಿಂದ ಎಲೆ ಅಲ್ಲಾಡಿರಲಿಲ್ಲ. ಮಧ್ಯಾಹ್ನ ಬಿಸಿಲು ಕಾದು ಗಾಳಿ ಎದ್ದಿತು. ಗುಡ್ಡದಿಂದ ಫೋನು ಬಂತು, ತಿರುಗುತ್ತಿದೆ ಎಂದು. ಮೀಟರಿನ ಅಂಕಿ ಮೆಲ್ಲಗೆ ಹೊರಳಿತು. ನಾಗಭೂಷಣ ಬಾಯಿ ತೆರೆಯುವಷ್ಟರಲ್ಲಿ ಮಾವ ಅವರ ಕೈ ಹಿಡಿದರು.

“ಮೊದಲ್ನೇದನ್ನ ಒಂದು ಅನ್ನಬಾರದು. ಕಣದಾಗೆ ರಾಶಿ ಅಳೀವಾಗ ನಾವು ಅನ್ನಾದಿಲ್ಲ. ಲಾಭ ಅನ್ರಿ.”

“ಲಾಭ,” ಎಂದರು ನಾಗಭೂಷಣ. ಮುರುಗೇಂದ್ರಪ್ಪನವರು ಪುಸ್ತಕದಲ್ಲಿ ಅಂಕಿಯನ್ನೇ ಬರೆದರು. ಬಾಯಲ್ಲಿ ಮಾತ್ರ ಅವರೂ ಲಾಭ ಎಂದರು.

ಕಂಪನಿಯ ಮಾತು ಉಳಿಯಿತು. ನನ್ನ ಮಾತಿಗೆ ಹೊತ್ತು ಇಳಿಯುತ್ತಿತ್ತು.

ಗುಡ್ಡದ ಬುಡದ ಹೊಸ ರೊಪ್ಪಕ್ಕೆ ನಾನು ಬಂದಾಗ ಎತ್ತುಗಳು ಆಗಲೇ ಒಳಗಿದ್ದವು. ತಲೆಯ ಮೇಲೆ ಕರೆಂಟಿನ ತಂತಿ ಗುಂಯ್ಯೆನ್ನುತ್ತ ರಾಂಪುರದ ಕಡೆ ಹೋಗುತ್ತಿತ್ತು, ನನ್ನನ್ನು ನೋಡಿಯೂ ನೋಡದ ನೆಂಟರ ಹಾಗೆ. ನನಗೆ ಹೆದರಿಕೆ ಎಂಬುದು ಹುಟ್ಟಿನಿಂದ ಇಲ್ಲ. ಚಳ್ಳಕೆರೆಯಿಂದ ಬರುವಾಗಲೇ ಗೋಣಿಚೀಲದಲ್ಲಿ ಒಂದು ಬ್ಯಾಟರಿ ತಂದಿದ್ದೆ. ಅದನ್ನು ಜಾಲಿ ಬೇಲಿಯಲ್ಲಿ ಮುಚ್ಚಿ, ಕಂಬದ ಮೇಲೆ ಟ್ರ್ಯಾಕ್ಟರಿನ ಹೆಡ್‌ಲೈಟು ಬಲ್ಬು ಕಟ್ಟಿ, ಕ್ಲಿಪ್ಪು ಸಿಕ್ಕಿಸಿದೆ. ರೊಪ್ಪ ಹಗಲಾಯಿತು. ಆಂಧ್ರದ ಕಡೆಯ ಕೋಳಿಗಳೆಲ್ಲ ಕೂಗಿದವು. ನಮ್ಮ ಹಟ್ಟಿಗಳಲ್ಲಿ ಕೋಳಿ ಸಾಕುವುದಿಲ್ಲ, ಇಲ್ಲದಿದ್ದರೆ ನಮ್ಮವೂ ಕೂಗುತ್ತಿದ್ದವು.

“ಫ್ಯಾನಿನ ಕರೆಂಟಾ?” ಎಂದ ಹುಲಿಯಪ್ಪ.

“ಮತ್ತೆ? ಬಿಸಿ ಬಿಸಿಯಾಗಿ ಈಗ ತಾನೇ ಇಳೀತು.”

ಕೆಲವು ದಿನ ಸೊಗಸಾಗಿ ನಡೆಯಿತು. ಬೆಳಗ್ಗೆ ಬ್ಯಾಟರಿ ಅಂಗಡಿಗೆ, ಸಂಜೆ ಬೇಲಿಗೆ. ಆಮೇಲೆ ಒಂದು ಸಂಜೆ ಹಟ್ಟಿಗೆ ಜುಂಜಪ್ಪ ನಡೆದುಕೊಂಡು ಬಂದ. ಅವನು ರಾಂಪುರದ ಟ್ರ್ಯಾಕ್ಟರಿನವನು, ಕೋಪಿಷ್ಠ.

“ಎಲ್ಲೈತಲೇ ಮಾರುತೇಶ ನನ್ ಬ್ಯಾಟರಿ? ನಾಳೆ ಕೊಡ್ತೀನಿ, ನಾಳೆ ಕೊಡ್ತೀನಿ ಅಂತ ವಾರ ಆತು. ಟ್ರ್ಯಾಕ್ಟರು ಹೊಲದಾಗೆ ಮಲಗೈತೆ!”

ಅಂಗಡಿಗೆ ಬಂದ ಬ್ಯಾಟರಿಗಳ ಮೇಲೆ ಯಾರದು ಎಂದು ಸೀಮೆಸುಣ್ಣದಲ್ಲಿ ಹೆಸರು ಬರೆಯುವುದು ನನ್ನ ಪದ್ಧತಿ. ಮಾವ ಬೇಲಿಯ ಜಾಲಿ ಸರಿಸಿದರು. ನನ್ನದೇ ದುಂಡು ಅಕ್ಷರದಲ್ಲಿ ‘ಜುಂಜಪ್ಪ, ರಾಂಪುರ’ ಎಂದು ಕಾಣಿಸಿತು. ಅಷ್ಟು ಚಂದದ ಅಕ್ಷರ ನನ್ನದಾಗಬಾರದಿತ್ತು.

“ಇದು ಚಳ್ಳಕೆರೆ ಕರೆಂಟು,” ಎಂದರು ಮಾವ.

“ಮಾವ, ಬೆಳಕು ಬೆಳಕೇ ಅಲ್ವಾ...”

“ಈ ಫ್ಯಾನಿನ ಕರೆಂಟಿನಾಗೆ ಅಂತ ಕಂಬಳಿ ಮ್ಯಾಲೆ ಅಂದೋರು ಯಾರು? ಫ್ಯಾನು ತಿರುಗಾಕೆ ಹತ್ತಿ ಇನ್ನೂ ಹೊಸತು, ಅದಕ್ಕೆ ಇದೊಂದು ಸಲ ಬಿಟ್ಟೀನಿ. ನಾಳೆ ಸಂಜೆತನಕ ನೋಡ್ತೀನಿ.”

ಮರುದಿನ ಬೆಳಗ್ಗೆ ನಾನು ಗುಡ್ಡ ಹತ್ತಿದೆ. ಆವತ್ತು ನಾಗಭೂಷಣ, ಮುರುಗೇಂದ್ರಪ್ಪ ಇಬ್ಬರೂ ಯಂತ್ರದ ಬುಡದಲ್ಲಿದ್ದರು. ಕೈ ಮುಗಿದೆ. ಕಾಲಿಗೂ ಬೀಳುತ್ತಿದ್ದೆ, ಆದರೆ ಅಂಥ ಗೌರವ ಅವರಿಗೆ ತಡೆಯುತ್ತಿರಲಿಲ್ಲ.

“ನೋಡ್ರಿ, ಮೀಟರು ದಾಟಿದ ಕರೆಂಟು ನಮ್ಮದು. ಹಟ್ಟಿಗೆ ಇಲ್ಲಿಂದ ತಂತಿ ಎಳೆದ್ರೆ ಕರಾರು ಮುರಿದಂಗೆ. ಇವರು ಬೇರೆ ಯಾರಿಗೂ ಮಾರೋಹಾಗಿಲ್ಲ,” ಎಂದರು ಮುರುಗೇಂದ್ರಪ್ಪ.

ಅವರು ಹೇಳುತ್ತಿರುವಾಗ ನನ್ನ ಕಣ್ಣು ಕಾವಲುಗಾರನ ತಗಡಿನ ಗೂಡಿನ ಮೇಲೆ ಬಿತ್ತು. ಒಳಗೆ ಹಗಲಲ್ಲೇ ಬಲ್ಬು ಉರಿಯುತ್ತಿತ್ತು.

“ಅದು ಯಾರ ಕರೆಂಟು ಸರ್?”

“ಅದು ಯಂತ್ರದ ಮನೆ ಖರ್ಚು,” ಎಂದರು ಅವರೇ. “ಯಂತ್ರಕ್ಕೂ ದೀಪ, ಫ್ಯಾನು ಅಂತ ಬೇಕಲ್ಲ. ಅದಕ್ಕೆ ಕರಾರಿನಲ್ಲಿ ಅವಕಾಶ ಇದೆ. ಗಾಳಿ ಇದ್ದಾಗ ಅದು ಇಲ್ಲೇ ಹುಟ್ಟಿ ಇಲ್ಲೇ ಕರಗುತ್ತೆ, ಮೀಟರಿಗೆ ಬರಲ್ಲ.”

“ಕಾವಲುಗಾರ ಅಲ್ಲಿ ತನ್ನ ಟಾರ್ಚು ಚಾರ್ಜು ಮಾಡ್ಕಬೌದಾ?”

ಮುರುಗೇಂದ್ರಪ್ಪ ನಾಗಭೂಷಣರ ಮುಖ ನೋಡಿದರು. ನಾಗಭೂಷಣ ಆಕಾಶ ನೋಡಿದರು.

“ಟಾರ್ಚು ಮಾಡ್ಕಬೌದು,” ಎಂದರು ಮುರುಗೇಂದ್ರಪ್ಪ.

“ಅವನ ಟಾರ್ಚು ಸ್ವಲ್ಪ ದಪ್ಪ ಐತೆ ಸರ್,” ಎಂದೆ.

ಮುರುಗೇಂದ್ರಪ್ಪನವರಿಗೆ ನಗು ತಡೆಯಲಾಗಲಿಲ್ಲ. “ಮಾರಿದ್ರೆ ಬಿಡಲ್ಲ ನೋಡು. ಒಂದು ಬಲ್ಬು, ದೇವರ ಹೆಸರಿಗೆ, ಅಷ್ಟೇ. ನಾನು ಆ ಗೂಡಿನೊಳಗೆ ಬಗ್ಗಿ ನೋಡೋಕೆ ಹೋಗಲ್ಲ, ನನಗೆ ಸೊಂಟ ನೋವು.”

ಬ್ಯಾಟರಿಯನ್ನು ಆ ಗೂಡಿನಲ್ಲೇ ತುಂಬಿಸಿದೆ; ಆವತ್ತು ಸಂಜೆ ರೊಪ್ಪದಲ್ಲಿ ಉರಿದದ್ದು ಗುಡ್ಡದ ಗಾಳಿಯೇ. ಮಾವ ಬ್ಯಾಟರಿಯ ಸುತ್ತ ಒಂದು ಸುತ್ತು ಬಂದು, ಮೇಲೆ ಯಾರ ಹೆಸರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, “ಹಗೇವು,” ಎಂದರು. ಒಂದೇ ಮಾತು. ನನ್ನ ಮದುವೆಯಾದ ಮೇಲೆ ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು.

ಮುಂಗಾರಿನ ಗಾಳಿ ಶುರುವಾದ ಮೇಲೆ ಕೇಳಬೇಡಿ. ಆಷಾಢದಲ್ಲಿ ಗುಡ್ಡದ ಮೇಲೆ ನಿಂತ ಮೇಕೆಗಳು ರಾಯದುರ್ಗದಲ್ಲಿ ಇಳಿಯುತ್ತಿದ್ದವು. ಬ್ಯಾಟರಿ ತುಂಬಿ ತುಳುಕುತ್ತಿತ್ತು. ರೊಪ್ಪಕ್ಕೆ ತೋಳ ಬರುವುದು ನಿಂತಿತು. ಹುಲಿಯಪ್ಪ ಬಲ್ಬಿನ ಕೆಳಗೆ ಕೂತು ಉಣ್ಣೆ ಹಗ್ಗ ಹೊಸೆಯುತ್ತಿದ್ದ. ನಾನು ಮಾತ್ರ ಪ್ರತಿದಿನ ಚಳ್ಳಕೆರೆಯಿಂದ ಬಸ್ಸು ಹಿಡಿದು ಬಂದು, ಗುಡ್ಡದಿಂದ ಬ್ಯಾಟರಿ ಹೊತ್ತು ಇಳಿಸಿ, ಬರಿದಾದದ್ದನ್ನು ಹೊತ್ತು ಹತ್ತಿಸುತ್ತಿದ್ದೆ. ನನ್ನ ಭುಜ ಕ್ರೇನಿನಷ್ಟಾಯಿತು.

ದಸರಾ ಕಳೆದ ಮೇಲೆ ಗಾಳಿ ಮಲಗಿತು. ಫ್ಯಾನಿನ ರೆಕ್ಕೆಗಳು ಆಕಾಶಕ್ಕೆ ಮೂರು ನಾಮ ಹಾಕಿದಂತೆ ನಿಂತುಬಿಟ್ಟವು. ಇದನ್ನು ನಾನು ಮೊದಲೇ ಊಹಿಸಿದ್ದೆ. ಅಂಗಡಿಯ ಹಳೆಯ ಬ್ಯಾಟರಿಗಳನ್ನೆಲ್ಲ ಒಟ್ಟುಮಾಡಿ ಗಾಳಿ ಇದ್ದಾಗಲೇ ತುಂಬಿಸಿ ಗೂಡಿನ ಹಿಂದೆ ಸಾಲಾಗಿ ಜೋಡಿಸಿದ್ದೆ. ಆ ಸಾಲು ನೋಡಿದರೆ ರೈಲು ನಿಂತಂತಿತ್ತು. ಆದರೆ ಹಳೆಯ ಬ್ಯಾಟರಿ ಎಂದರೆ ತೂತು ಬಿದ್ದ ಹಗೇವು. ತುಂಬಿದ್ದು ಸುಮ್ಮನೆ ಇಟ್ಟರೂ ಸೋರಿಹೋಗುತ್ತದೆ. ಒಂದೊಂದೇ ಬರಿದಾದವು. ಗಾಳಿ ಏಳಲಿಲ್ಲ.

ನಾಗಭೂಷಣ ರಾಂಪುರದಲ್ಲಿ ಸಿಕ್ಕರು. “ಮೀಟರು ಅಲ್ಲಾಡ್ತಿಲ್ಲ ಮಾರುತೇಶ,” ಎಂದರು. ಹೊಟ್ಟೆ ತುಂಬ ಉಂಡು ಬಂದಿದ್ದರು, ಬಾಯಲ್ಲಿ ಎಲೆ ಅಡಿಕೆ. ಅವರಿಗೇನು? ನಿಂತರೆ ನಮ್ಮ ತಪ್ಪಿಲ್ಲ ಎಂದು ಬರೆಸಿಕೊಂಡವರು. ವಕೀಲರಿದ್ದ ಕಂಪನಿ ಬಾಯಿ ಬಿಗಿಹಿಡಿದಿತ್ತು. ವಕೀಲರಿಲ್ಲದ ನಾನು ಗಾಳಿ ಬರಲಿ ಬಿಡಲಿ ಎಂದಿದ್ದೆ.

ಒಂದು ಮುಸ್ಸಂಜೆ ಕೊನೆಯ ಬ್ಯಾಟರಿಯ ಕ್ಲಿಪ್ಪು ಸಿಕ್ಕಿಸಿದೆ. ಬಲ್ಬು ಕೆಂಪಗೆ ಬೀಡಿಯ ತುದಿಯಷ್ಟು ಉರಿಯಿತು. ಊದಿದೆ, ಉಜ್ಜಿದೆ, ಕೆಮ್ಮಿದೆ ಕೂಡ. ಆರಿತು.

ಅಷ್ಟರಲ್ಲಿ ಗಂಗಲಕ್ಷ್ಮಿ ಬಸ್ಸಿಳಿದು ಬರುತ್ತಿದ್ದಳು. ತಲೆಯ ಮೇಲೆ ಸಿಂಬೆ, ಸಿಂಬೆಯ ಮೇಲೆ ಹೊಚ್ಚ ಹೊಸ ಬ್ಯಾಟರಿ, ಅಂಗಡಿಯಲ್ಲಿ ತುಂಬಿಸಿದ್ದು. ಬೇಲಿಯ ಹೊರಗೆ ಇಳಿಸಿ ನನ್ನ ಕಿವಿಯಲ್ಲಿ, “ಯಾರೂ ನೋಡಿಲ್ಲ. ಹೆಸರೂ ಬರ್ದಿಲ್ಲ. ಹಾಕ್ರಿ,” ಎಂದಳು.

ಗುಡ್ಡದ ಕಡೆ ಏನೋ ಊಳಿಟ್ಟಿತು. ಕರುಗಳು ಒಂದರ ಮೈಗೊಂದು ಒತ್ತಿ ನಿಂತವು. ಹುಲಿಯಪ್ಪ ಕೋಲು ಹಿಡಿದು ಎದ್ದ. ಮಾವ ಅವನ ಪಕ್ಕದಲ್ಲೇ ನಿಂತಿದ್ದರು, ಕತ್ತಲಲ್ಲಿ ನಾನು ಕಂಡಿರಲಿಲ್ಲ.

ಮೂರು ತಾಲ್ಲೂಕಿಗೆ ಸಾಲುವಷ್ಟು ಮಾತು ನನ್ನ ಬಾಯಲ್ಲಿ ಯಾವಾಗಲೂ ಇರುತ್ತದೆ. ಗಾಳಿ ಈಗ ತಾನೇ ಬೀಸಿತು ಎನ್ನಬಹುದಿತ್ತು. ಮೇಲಿನಿಂದ ಈಗ ತಂದೆ ಎನ್ನಬಹುದಿತ್ತು. ಮಾವನ ಮುಖ ಕಾಣುತ್ತಿರಲಿಲ್ಲ, ಅದೇ ತೊಂದರೆಯಾಯಿತು. ಮುಖ ನೋಡದೆ ನನಗೆ ಸುಳ್ಳು ಹೇಳಲು ಬರುವುದಿಲ್ಲ.

“ಮಾವ, ಇದು ಚಳ್ಳಕೆರೇದು,” ಎಂದೆ.

“ಹಚ್ರಿ,” ಎಂದರು ಮಾವ. “ಎತ್ತಿಗೆ ಬೆಳಕು ಬೇಕು. ಯಾವೂರುದಾದ್ರೇನು?”

ಹಚ್ಚಿದೆ. ರೊಪ್ಪ ಬೆಳಗಿತು. ಊಳು ದೂರವಾಯಿತು. ಎಲ್ಲ ಮುಗಿಯಿತು ಎಂದುಕೊಂಡು ನಾನು ಬೀಡಿ ತೆಗೆಯುವಷ್ಟರಲ್ಲಿ ಮಾವ ಬೇಲಿಯ ಹೊರಗೆ ಬಿಟ್ಟಿದ್ದ ನನ್ನ ಚಪ್ಪಲಿಗಳನ್ನು ಕೈಯಲ್ಲಿ ಎತ್ತಿಕೊಂಡು, ಧೂಳು ಕೊಡವಿ, ಮಗಳ ಕೈಗೆ ಕೊಟ್ಟರು.

“ಬೆಳಕಿನ ಮಾತು ಅದು. ಇದು ಕಂಬಳಿ ಮಾತು. ಒಂದು ವರ್ಷ ಎತ್ತಿಟ್ಕ ತಾಯಿ.”

ಆ ಒಂದು ವರ್ಷ ದೇವರ ಎತ್ತುಗಳು ಕಂಡ ಸುಖವನ್ನು ಯಾವ ಎತ್ತೂ ಕಂಡಿಲ್ಲ. ನನ್ನ ಪಾದ ಎಷ್ಟು ಗಟ್ಟಿಯಾಯಿತೆಂದರೆ ಜಾಲಿ ಮುಳ್ಳುಗಳು ನನ್ನನ್ನು ಕಂಡು ಮಡಚಿಕೊಳ್ಳುತ್ತಿದ್ದವು. ಗುಡ್ಡದಲ್ಲೇ ಇದ್ದೆನಾದ್ದರಿಂದ ಗಾಳಿ ಎದ್ದ ಗಳಿಗೆಯಲ್ಲೇ ಬ್ಯಾಟರಿ ಸಿಕ್ಕಿಸುತ್ತಿದ್ದೆ. ಗಂಗಲಕ್ಷ್ಮಿ ಹಳೆಯವನ್ನು ಗುಜರಿಗೆ ಹಾಕಿ ಎರಡು ಒಳ್ಳೆಯ ಬ್ಯಾಟರಿ ಕಳಿಸಿದಳು. ಬಲ್ಬು ಮತ್ತೆ ಆರಲಿಲ್ಲ. ವರ್ಷ ಮುಗಿಸಿ ಚಪ್ಪಲಿ ಮೆಟ್ಟಿ ಅಂಗಡಿಗೆ ಹೋದರೆ ಗಲ್ಲಾದ ಕುರ್ಚಿಯಲ್ಲಿ ಅವಳೇ ಕೂತಿದ್ದಳು, ಗಿರಾಕಿಗಳು ಹೊರಗೆ ರಸ್ತೆಯವರೆಗೆ ನಿಂತಿದ್ದರು. ಬ್ಯಾಟರಿಗಳನ್ನು ಹೇಳಿದ ದಿನವೇ ಕೊಡುತ್ತಿದ್ದಳಂತೆ. ವ್ಯಾಪಾರ ಗೊತ್ತಿಲ್ಲದವರ ಲಕ್ಷಣ. ಆ ಕುರ್ಚಿ ನನಗೆ ಮತ್ತೆ ಸಿಗಲಿಲ್ಲ. ನಾನೇ ಬೇಡವೆಂದೆ.

ಆಮೇಲೆ ಒಂದು ದಿನ ಅದೇ ಜೀಪು ತಾನೇ ಓಡಿಕೊಂಡು ಬಂದು ನಿಂತಿತು. ನಾಗಭೂಷಣ ಇಳಿದರು. ಪಕ್ಕದ ಗುಡ್ಡಕ್ಕೆ ಇನ್ನೂ ಮೂರು ಯಂತ್ರ ಬರುತ್ತವೆ, ನಿಗಮ ಸಹಿ ಹಾಕಿದೆ, ಅಲ್ಲಿಯೂ ಒಂದು ಹಟ್ಟಿ, ಅಲ್ಲಿಯೂ ಒಂದು ರೊಪ್ಪ. ನೀವೇ ಬಂದು ಮಾತಾಡಬೇಕು ಎಂದರು. ಹೋದೆ. ಹೆಂಡತಿಯೂ ಹಿಂದೆಯೇ ಬಂದಳು, ಯಾಕೆಂದು ನಾನು ಕೇಳಲಿಲ್ಲ.

ಕಂಬಳಿ ಹಾಸಿದ್ದರು. ಆ ಹಟ್ಟಿಯ ಹಿರಿಯರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಗಾಳೀನ ಬ್ಯಾಟರಿಗೆ ತುಂಬೋ ಮಾರುತೇಶ ನೀವೇನಾ? ನಮ್ ರೊಪ್ಪಕ್ಕೂ ಬಲ್ಬು ಉರಿಸ್ತೀರಾ?” ಎಂದರು.

ಇಡೀ ಹಟ್ಟಿ ನನ್ನ ಬಾಯಿ ನೋಡುತ್ತಿತ್ತು. ಬಲ್ಬಲ್ಲ ಸ್ವಾಮಿ, ಸೂರ್ಯನನ್ನೇ ಕಂಬಕ್ಕೆ ಕಟ್ಟುತ್ತೇನೆ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಹೆಂಗಸರ ಸಾಲಿನಿಂದ ಒಂದು ಕೆಮ್ಮು ಕೇಳಿಸಿತು. ನೋಡಿದೆ. ಗಂಗಲಕ್ಷ್ಮಿ ನನ್ನ ಪಾದಗಳನ್ನೇ ನೋಡುತ್ತಿದ್ದಳು.

“ಉರಿಸ್ತೀನಿ,” ಎಂದೆ. “ಗಾಳಿ ಬಂದಾಗ, ಬಂದಷ್ಟು.”